ಇಸಿ2 ಯಂತ್ರದ ಸ್ಥಿತಿ ಬದಲಾದಾಗ ಕೆಲಸ ತಾನಾಗಿ ನಡೆಯುವಂತೆ ಮಾಡುವುದು: ಸಮಗ್ರ ಮಾರ್ಗದರ್ಶಿ

ಡೆವಲಪರ್‌ಗಳು ಬಳಸುವ ಕ್ಲೌಡ್ ಸರ್ವರ್‌ಗಳು ರಾತ್ರಿಯೂ, ಶನಿವಾರ ಭಾನುವಾರವೂ ಯಾರೂ ಮುಟ್ಟದಿದ್ದರೂ ಓಡುತ್ತಲೇ ಇರುತ್ತವೆ. ವಾರಕ್ಕೆ 168 ಗಂಟೆ. ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 9ರಿಂದ ರಾತ್ರಿ 8ರ ತನಕ ಮಾತ್ರ ಓಡಿಸಿದರೆ 55 ಗಂಟೆ ಸಾಕು. ಯಂತ್ರದ ಬಾಡಿಗೆಯಲ್ಲಿ ಮೂರರಲ್ಲಿ ಎರಡು ಪಾಲು ಉಳಿಯುತ್ತದೆ. ಹೀಗಿದ್ದರೂ ಎಷ್ಟೋ ತಂಡಗಳು ನಿಲ್ಲಿಸುವುದಿಲ್ಲ. ಕಾರಣ ಸೋಮಾರಿತನವಲ್ಲ. ನಿಲ್ಲಿಸಿ ಎಬ್ಬಿಸಿದಾಗ ಐಪಿ ವಿಳಾಸ ಬದಲಾಗುತ್ತದೆ, ಬೆಳಿಗ್ಗೆ ಬಂದವರಿಗೆ ಸರ್ವರ್ ಸಿಗುವುದಿಲ್ಲ, ಅದನ್ನು ಸರಿಪಡಿಸಲು ಒಬ್ಬರು ಕೂರಬೇಕಾಗುತ್ತದೆ.

ಆ ಒಬ್ಬರ ಕೆಲಸವನ್ನು ಯಂತ್ರಕ್ಕೇ ಒಪ್ಪಿಸುವ ಬಗೆಯನ್ನು ಇಲ್ಲಿ ಹಂತ ಹಂತವಾಗಿ ವಿವರಿಸುತ್ತೇನೆ. ಅಮೆಜಾನ್ ವೆಬ್ ಸರ್ವಿಸಸ್‌ನ (ಎಡಬ್ಲ್ಯೂಎಸ್) ಇಸಿ2 (ಬಾಡಿಗೆಯ ಕ್ಲೌಡ್ ಸರ್ವರ್), ಇವೆಂಟ್‌ಬ್ರಿಜ್ (ಏನಾದರೂ ಬದಲಾದಾಗ ಹುಟ್ಟುವ ಸೂಚನೆಯನ್ನು, ಅಂದರೆ ಇವೆಂಟನ್ನು, ತಲುಪಿಸುವ ಸೇವೆ), ಲ್ಯಾಂಬ್ಡಾ (ಕರೆದಾಗ ಮಾತ್ರ ಓಡುವ ಪುಟ್ಟ ಪ್ರೋಗ್ರಾಂ) ಮತ್ತು ರೂಟ್ 53 (ಡಿಎನ್‌ಎಸ್ ಸೇವೆ), ಮುಖ್ಯವಾಗಿ ಈ ನಾಲ್ಕನ್ನು ಬಳಸುತ್ತೇವೆ. ಯಂತ್ರ ಎದ್ದಾಗ ಅದರ ಹೊಸ ವಿಳಾಸ ಡಿಎನ್‌ಎಸ್‌ನಲ್ಲಿ, ಅಂದರೆ ಹೆಸರನ್ನು ಐಪಿ ವಿಳಾಸಕ್ಕೆ ಜೋಡಿಸುವ ಪಟ್ಟಿಯಲ್ಲಿ, ತಾನಾಗಿ ದಾಖಲಾಗಬೇಕು, ನಿಂತಾಗ ತಾನಾಗಿ ಅಳಿಯಬೇಕು. ನೋಡಲು ಚಿಕ್ಕ ಕೆಲಸ. ಆದರೆ ಸ್ಥಿತಿ ಮತ್ತು ಇವೆಂಟ್‌ಗಳ ವಿಷಯದಲ್ಲಿ ಎಡವಬಹುದಾದ ಜಾಗಗಳೆಲ್ಲ ಇದರಲ್ಲಿ ಎದುರಾಗುತ್ತವೆ.

ಮೊದಲು ಸ್ಥಿತಿಗಳನ್ನು ತಿಳಿಯೋಣ

ಇಸಿ2 ಯಂತ್ರಕ್ಕೆ ಆರು ಸ್ಥಿತಿಗಳಿವೆ: ಪೆಂಡಿಂಗ್, ರನ್ನಿಂಗ್, ಸ್ಟಾಪಿಂಗ್, ಸ್ಟಾಪ್ಡ್, ಶಟಿಂಗ್ ಡೌನ್, ಟರ್ಮಿನೇಟೆಡ್. ಹೊಸದಾಗಿ ಹುಟ್ಟಿದಾಗಲೂ, ನಿಂತಿದ್ದು ಮತ್ತೆ ಎದ್ದಾಗಲೂ ಯಂತ್ರ ಪೆಂಡಿಂಗ್ ಮೂಲಕವೇ ರನ್ನಿಂಗ್‌ಗೆ ಬರುತ್ತದೆ. ಸ್ಟಾಪ್ ಕೊಟ್ಟರೆ ಸ್ಟಾಪಿಂಗ್, ಆಮೇಲೆ ಸ್ಟಾಪ್ಡ್. ಟರ್ಮಿನೇಟ್ ಕೊಟ್ಟರೆ ಶಟಿಂಗ್ ಡೌನ್, ಆಮೇಲೆ ಟರ್ಮಿನೇಟೆಡ್. ಅಲ್ಲಿಂದ ವಾಪಸು ಬರುವ ದಾರಿಯಿಲ್ಲ. ರೀಬೂಟ್ ಒಂದು ಸ್ಥಿತಿಯಲ್ಲ. ರೀಬೂಟ್ ಮಾಡಿದಾಗ ಯಂತ್ರ ರನ್ನಿಂಗ್‌ನಲ್ಲೇ ಇರುತ್ತದೆ, ಸ್ಥಿತಿ ಬದಲಾವಣೆಯ ಇವೆಂಟ್ ಬರುವುದಿಲ್ಲ. ರೀಬೂಟ್ ಆದಾಗ ಏನಾದರೂ ಮಾಡಬೇಕೆಂದಿದ್ದರೆ ಆ ಏರ್ಪಾಡು ಯಂತ್ರದ ಒಳಗೇ, ಆಪರೇಟಿಂಗ್ ಸಿಸ್ಟಂನಲ್ಲಿ ಇರಬೇಕು.

ಬಿಲ್ಲಿನ ಲೆಕ್ಕ ಸ್ಥಿತಿಯನ್ನು ಅನುಸರಿಸುತ್ತದೆ. ಯಂತ್ರದ ಬಾಡಿಗೆ ಬೀಳುವುದು ರನ್ನಿಂಗ್‌ನಲ್ಲಿ. ಸ್ಟಾಪಿಂಗ್‌ಗೆ ಸಾಮಾನ್ಯವಾಗಿ ಬಾಡಿಗೆಯಿಲ್ಲ. ಹೈಬರ್ನೇಟ್ ಮಾಡಲು ಯಂತ್ರ ತನ್ನ ಮೆಮೊರಿಯನ್ನು ಡಿಸ್ಕಿಗೆ ಬರೆಯುತ್ತಿದ್ದರೆ ಮಾತ್ರ ಉಂಟು. ನಿಂತ ಯಂತ್ರಕ್ಕೆ ಬಾಡಿಗೆ ಇರುವುದಿಲ್ಲವಾದರೂ ಅದಕ್ಕೆ ಅಂಟಿದ, ಯಂತ್ರ ನಿಂತರೂ ಉಳಿಯುವ ಇಬಿಎಸ್ ಎಂಬ ಡಿಸ್ಕಿನ ಶುಲ್ಕ ಓಡುತ್ತಲೇ ಇರುತ್ತದೆ. ಮೇಲೆ ಹೇಳಿದ ಮೂರರಲ್ಲಿ ಎರಡು ಪಾಲಿನ ಉಳಿತಾಯದಲ್ಲಿ ಡಿಸ್ಕ್ ಸೇರಿಲ್ಲ.

ನಿಲ್ಲಿಸಿದಾಗ ಉಳಿಯುವುದೇನು, ಹೋಗುವುದೇನು ಎಂಬುದನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ. ಇಬಿಎಸ್ ಡಿಸ್ಕಿನಲ್ಲಿರುವುದು ಉಳಿಯುತ್ತದೆ, ಖಾಸಗಿ ಐಪಿ ಉಳಿಯುತ್ತದೆ. ಇನ್‌ಸ್ಟೆನ್ಸ್ ಸ್ಟೋರ್ ಎಂಬ, ಆ ಭೌತಿಕ ಯಂತ್ರಕ್ಕೇ ಸೇರಿದ ಡಿಸ್ಕಿನಲ್ಲಿರುವುದೆಲ್ಲ ಹೋಗುತ್ತದೆ. ತಾನಾಗಿ ಸಿಕ್ಕಿದ್ದ ಸಾರ್ವಜನಿಕ ಐಪಿಯೂ ಹೋಗುತ್ತದೆ, ಎಬ್ಬಿಸಿದಾಗ ಬೇರೆಯದು ಬರುತ್ತದೆ. ಇಲಾಸ್ಟಿಕ್ ಐಪಿ ಎಂಬ ಸ್ಥಿರ ವಿಳಾಸ ಹಾಕಿಕೊಂಡರೆ ವಿಳಾಸ ಬದಲಾಗುವುದಿಲ್ಲ ನಿಜ. ಆದರೆ 2024ರ ಫೆಬ್ರುವರಿ 1ರಿಂದ ಸಾರ್ವಜನಿಕ ಐಪಿವಿ4 ವಿಳಾಸವೊಂದಕ್ಕೆ ಗಂಟೆಗೆ 0.005 ಡಾಲರ್ ಶುಲ್ಕವಿದೆ, ಇಲಾಸ್ಟಿಕ್ ಐಪಿಯಾದರೆ ಯಂತ್ರ ನಿಂತಿದ್ದಾಗಲೂ ಅದು ಬೀಳುತ್ತದೆ. ಅಲ್ಲದೆ ಒಂದು ರೀಜನ್ನಿನಲ್ಲಿ (ಎಡಬ್ಲ್ಯೂಎಸ್‌ನ ಡೇಟಾ ಸೆಂಟರ್‌ಗಳಿರುವ ಪ್ರದೇಶದಲ್ಲಿ) ಕೇಳದೆ ಸಿಗುವುದು ಐದೇ. ಹತ್ತಾರು ಯಂತ್ರಗಳಿರುವ ತಂಡಕ್ಕೆ ಡಿಎನ್‌ಎಸ್ ದಾರಿಯೇ ಮೇಲು ಎಂಬುದು ನನ್ನ ಅಭಿಪ್ರಾಯ.

ಬೇರೆ ಕ್ಲೌಡ್‌ಗಳಲ್ಲಿ ಕೆಲಸ ಮಾಡಿ ಬಂದವರಿಗೆ ಒಂದು ಮಾತು: ಸ್ಥಿತಿಗಳ ಹೆಸರನ್ನು ನಂಬಿ ಸ್ಕ್ರಿಪ್ಟ್ ನಕಲಿಸಬೇಡಿ. ಗೂಗಲ್ ಕ್ಲೌಡ್‌ನಲ್ಲಿ ಟರ್ಮಿನೇಟೆಡ್ ಆದ ಯಂತ್ರವನ್ನು ಮತ್ತೆ ಎಬ್ಬಿಸಬಹುದು. ಅಜೂರ್‌ನಲ್ಲಿ ಒಳಗಿನಿಂದ ಶಟ್‌ಡೌನ್ ಮಾಡಿದ ಯಂತ್ರ ಸ್ಟಾಪ್ಡ್ ಎಂದು ತೋರಿಸಿದರೂ ಡೀಅಲೊಕೇಟ್ ಮಾಡುವವರೆಗೆ ಬಾಡಿಗೆ ಬೀಳುತ್ತಲೇ ಇರುತ್ತದೆ.

ಇವೆಂಟ್‌ನಲ್ಲಿ ಏನಿರುತ್ತದೆ, ಏನಿರುವುದಿಲ್ಲ

ಯಂತ್ರದ ಸ್ಥಿತಿ ಬದಲಾದಾಗಲೆಲ್ಲ ಇಸಿ2 ಒಂದು ಇವೆಂಟನ್ನು ಇವೆಂಟ್‌ಬ್ರಿಜ್‌ಗೆ ಕಳಿಸುತ್ತದೆ. ಹಿಂದೆ ಇದನ್ನು ಕ್ಲೌಡ್‌ವಾಚ್ ಇವೆಂಟ್ಸ್ ಎನ್ನುತ್ತಿದ್ದರು, 2019ರಲ್ಲಿ ಇವೆಂಟ್‌ಬ್ರಿಜ್ ಆಯಿತು. ಆ ಇವೆಂಟನ್ನು ಬಿಡಿಸಿ ನೋಡಿದರೆ ಯಾವ ಖಾತೆ, ಯಾವ ರೀಜನ್, ಯಾವ ಸಮಯ, ಯಾವ ಯಂತ್ರದ ಐಡಿ, ಯಾವ ಸ್ಥಿತಿ ಎಂಬುದಷ್ಟೇ ಸಿಗುತ್ತದೆ. ಐಪಿ ಇಲ್ಲ. ಟ್ಯಾಗ್ (ಯಂತ್ರಕ್ಕೆ ನಾವು ಅಂಟಿಸುವ ಗುರುತುಚೀಟಿ) ಇಲ್ಲ. ಹಿಂದಿನ ಸ್ಥಿತಿ ಏನಿತ್ತು ಎಂಬುದಿಲ್ಲ. ನಿಲ್ಲಿಸಿದವರು ಯಾರು ಎಂಬುದೂ ಇಲ್ಲ. ಅದು ಬೇಕಾದರೆ ಕ್ಲೌಡ್‌ಟ್ರೇಲ್ ದಾಖಲೆ ನೋಡಬೇಕು.

ಟ್ಯಾಗ್ ಇಲ್ಲದಿರುವುದರಿಂದ ‘ಡೆವ್ ಯಂತ್ರಗಳ ಇವೆಂಟ್ ಮಾತ್ರ ಕೊಡು’ ಎಂದು ಇವೆಂಟ್‌ಬ್ರಿಜ್‌ನ ರೂಲ್‌ನಲ್ಲೇ (ಯಾವ ಇವೆಂಟ್ ಬಂದರೆ ಯಾವುದನ್ನು ಓಡಿಸಬೇಕೆಂಬ ನಿಯಮದಲ್ಲೇ) ಸೋಸಲು ಬರುವುದಿಲ್ಲ. ಎಲ್ಲವನ್ನೂ ತೆಗೆದುಕೊಂಡು ಲ್ಯಾಂಬ್ಡಾದೊಳಗೆ ಸೋಸಬೇಕು. ಇವೆಂಟ್‌ಗಳು ಆಯಾ ರೀಜನ್ನಿಗೆ ಸೀಮಿತ ಎಂಬುದೂ ನೆನಪಿರಲಿ. ಮುಂಬೈ ರೀಜನ್ನಿನಲ್ಲಿ ಬರೆದ ರೂಲ್‌ಗೆ ಹೈದರಾಬಾದ್ ರೀಜನ್ನಿನ ಯಂತ್ರಗಳು ಕಾಣುವುದಿಲ್ಲ. ಎರಡೂ ಕಡೆ ಯಂತ್ರಗಳಿದ್ದರೆ ಎರಡೂ ಕಡೆ ರೂಲ್ ಬೇಕು, ಇಲ್ಲವೇ ಒಂದರಿಂದ ಇನ್ನೊಂದರ ಇವೆಂಟ್ ಬಸ್‌ಗೆ (ಇವೆಂಟ್‌ಗಳು ಬಂದು ಸೇರುವ ದಾರಿಗೆ) ದಾಟಿಸಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಇವೆಂಟ್ ಅಂಚೆಯಲ್ಲಿ ಬಂದ ಪತ್ರದ ಹಾಗೆ: ಬರೆದ ಗಳಿಗೆಯಲ್ಲಿ ಅದರಲ್ಲಿರುವುದು ನಿಜ, ಕೈಗೆ ಬಂದ ಗಳಿಗೆಯಲ್ಲಿ ನಿಜವಾಗಿಯೇ ಇರಬೇಕೆಂದಿಲ್ಲ. ಇವೆಂಟ್‌ಬ್ರಿಜ್ ಒಂದೇ ಇವೆಂಟನ್ನು ಎರಡು ಸಲ ತಲುಪಿಸಬಹುದು, ಹಿಂದಿನದನ್ನು ಮುಂದಿನದರ ನಂತರವೂ ತಲುಪಿಸಬಹುದು. ಆದ್ದರಿಂದ ಇವೆಂಟ್‌ನಿಂದ ಯಂತ್ರದ ಐಡಿಯೊಂದನ್ನೇ ತೆಗೆದುಕೊಳ್ಳಿ. ಏನು ಮಾಡಬೇಕೆಂಬುದನ್ನು ಯಂತ್ರದ ಈಗಿನ ಸ್ಥಿತಿಯನ್ನು ಕೇಳಿಯೇ ತೀರ್ಮಾನಿಸಿ. ಮುಂದಿನ ಹಂತಗಳೆಲ್ಲ ಈ ಒಂದು ನಿಯಮದ ಮೇಲೆ ನಿಂತಿವೆ.

ಹಂತ 1: ಹೆಸರಿಗೊಂದು ಜಾಗ, ಯಂತ್ರಕ್ಕೊಂದು ಟ್ಯಾಗ್

ರೂಟ್ 53ರಲ್ಲಿ ಡೆವ್ ಯಂತ್ರಗಳಿಗೆಂದೇ ಒಂದು ಉಪಡೊಮೇನ್ ತೆರೆದು ಪ್ರತ್ಯೇಕ ಹೋಸ್ಟೆಡ್ ಝೋನ್ (ಆ ಉಪಡೊಮೇನಿನ ದಾಖಲೆಗಳ ಪಟ್ಟಿ) ಮಾಡಿ. ಕಂಪನಿಯ ಮುಖ್ಯ ಝೋನಿನಲ್ಲಿ ಈ ಕೆಲಸ ಬೇಡ. ಯಾಕೆಂದರೆ ಇನ್ನು ಮುಂದೆ ಟ್ಯಾಗ್ ಹಾಕುವ ಅಧಿಕಾರವಿದ್ದವರಿಗೆಲ್ಲ ಡಿಎನ್‌ಎಸ್ ಹೆಸರು ಪಡೆಯುವ ಅಧಿಕಾರವೂ ಸಿಕ್ಕಂತಾಗುತ್ತದೆ. ಗ್ರಾಹಕರು ನೋಡುವ ಜಾಲತಾಣದ ದಾಖಲೆ ಅಂಥ ಅಧಿಕಾರದ ಕೈಗೆ ಸಿಗಬಾರದು.

ಪ್ರತಿ ಯಂತ್ರಕ್ಕೂ ಹೋಸ್ಟ್‌ನೇಮ್ ಎಂಬ ಟ್ಯಾಗ್ ಹಾಕಿ, ಅದರಲ್ಲಿ ಬೇಕಾದ ಹೆಸರು ಬರೆಯಿರಿ. ರಾತ್ರಿ ನಿಲ್ಲಿಸಬೇಕಾದ ಯಂತ್ರಗಳಿಗೆ ಶೆಡ್ಯೂಲ್ ಎಂಬ ಇನ್ನೊಂದು ಟ್ಯಾಗ್ ಇರಲಿ.

ಹಂತ 2: ಲ್ಯಾಂಬ್ಡಾಗೆ ಬೇಕಾದಷ್ಟೇ ಅಧಿಕಾರ

ಲ್ಯಾಂಬ್ಡಾದ ಐಎಎಂ ರೋಲ್‌ಗೆ (ಅದಕ್ಕೆ ಕೊಡುವ ಅಧಿಕಾರಗಳ ಕಟ್ಟಿಗೆ) ಮೂರು ಬಗೆಯ ಅನುಮತಿ ಸಾಕು. ಯಂತ್ರಗಳ ವಿವರ ಕೇಳುವುದು. ಆ ಒಂದು ಹೋಸ್ಟೆಡ್ ಝೋನಿನಲ್ಲಿ ದಾಖಲೆಗಳನ್ನು ಓದುವುದು ಮತ್ತು ಬದಲಿಸುವುದು. ಲಾಗ್ ಮತ್ತು ಅಳತೆಗಳನ್ನು ಇಡುವ ಕ್ಲೌಡ್‌ವಾಚ್‌ಗೆ ಲಾಗ್ ಬರೆಯುವುದು. ವಿವರ ಕೇಳುವ ಅನುಮತಿಯನ್ನು ಒಂದೊಂದು ಯಂತ್ರಕ್ಕೆ ಸೀಮಿತಗೊಳಿಸಲು ಬರುವುದಿಲ್ಲ, ಎಲ್ಲ ಯಂತ್ರಗಳಿಗೂ ಕೊಡಬೇಕು. ಝೋನಿನ ಅನುಮತಿಯನ್ನು ಮಾತ್ರ ಆ ಝೋನಿಗೇ ಕಟ್ಟಿಹಾಕಿ. ನಿಲ್ಲಿಸುವ, ಎಬ್ಬಿಸುವ ಅಧಿಕಾರವನ್ನು ಈ ಲ್ಯಾಂಬ್ಡಾಗೆ ಕೊಡಲೇಬೇಡಿ. ಸ್ಥಿತಿ ಬದಲಾದಾಗ ಓಡುವ ಪ್ರೋಗ್ರಾಂ ಸ್ಥಿತಿಯನ್ನೇ ಬದಲಿಸಿದರೆ ಅದರಿಂದ ಹೊಸ ಇವೆಂಟ್ ಹುಟ್ಟುತ್ತದೆ, ಅದು ಮತ್ತೆ ಅದೇ ಪ್ರೋಗ್ರಾಂ ಅನ್ನು ಓಡಿಸುತ್ತದೆ. ಬಿಲ್ ಬಂದಾಗಲೇ ಗೊತ್ತಾಗುವ ಚಕ್ರವಿದು.

ಹಂತ 3: ರೂಲ್ ಬರೆಯುವುದು

ಇವೆಂಟ್‌ಬ್ರಿಜ್ ಕನ್ಸೋಲಿನಲ್ಲಿ ಡಿಫಾಲ್ಟ್ ಇವೆಂಟ್ ಬಸ್‌ನಲ್ಲಿ ಹೊಸ ರೂಲ್ ತೆರೆಯಿರಿ. ಎಡಬ್ಲ್ಯೂಎಸ್ ಸೇವೆಗಳ ಪಟ್ಟಿಯಲ್ಲಿ ಇಸಿ2 ಆರಿಸಿ, ಇವೆಂಟ್ ಬಗೆಯಲ್ಲಿ ಇನ್‌ಸ್ಟೆನ್ಸ್ ಸ್ಟೇಟ್ ಚೇಂಜ್ ನೋಟಿಫಿಕೇಶನ್ ಆರಿಸಿ. ಸ್ಥಿತಿಗಳಲ್ಲಿ ಪೆಂಡಿಂಗ್ ಒಂದನ್ನು ಬಿಟ್ಟು ಉಳಿದ ಐದನ್ನೂ ಗುರುತು ಮಾಡಿ. ಟಾರ್ಗೆಟ್ ಆಗಿ ಲ್ಯಾಂಬ್ಡಾ ಕೊಡಿ.

ಕನ್ಸೋಲಿನಲ್ಲಿ ಮಾಡಿದರೆ ಲ್ಯಾಂಬ್ಡಾವನ್ನು ಕರೆಯುವ ಅನುಮತಿ ಇವೆಂಟ್‌ಬ್ರಿಜ್‌ಗೆ ತಾನಾಗಿ ಸಿಗುತ್ತದೆ. ಟೆರ್ರಾಫಾರ್ಮ್ ಎಂಬ ಉಪಕರಣ ಅಥವಾ ಕಮಾಂಡ್ ಮೂಲಕ ಮಾಡುವವರು ಆ ಅನುಮತಿಯನ್ನು ತಾವೇ ಬರೆಯಬೇಕು. ಬರೆಯದಿದ್ದರೆ ಲ್ಯಾಂಬ್ಡಾ ಲಾಗ್‌ನಲ್ಲಿ ಒಂದು ಸಾಲೂ ಇರುವುದಿಲ್ಲ, ದೋಷ ಎಲ್ಲಿದೆ ಎಂದು ಹುಡುಕುವುದೇ ಕಷ್ಟವಾಗುತ್ತದೆ. ‘ರೂಲ್ ಇದೆ, ಏನೂ ಆಗುತ್ತಿಲ್ಲ’ ಎನ್ನುವಂತಾದರೆ ಆ ರೂಲ್‌ನ ಫೇಲ್ಡ್ ಇನ್ವೊಕೇಶನ್ಸ್ ಮೆಟ್ರಿಕ್ ಅನ್ನು ಕ್ಲೌಡ್‌ವಾಚ್‌ನಲ್ಲಿ ಮೊದಲು ನೋಡಿ.

ಹಂತ 4: ಲ್ಯಾಂಬ್ಡಾದ ಒಳಗಿನ ತರ್ಕ

ಇಲ್ಲಿ ನಿಧಾನವಾಗಿ ಹೋಗೋಣ. ‘ರನ್ನಿಂಗ್ ಎಂದು ಬಂದರೆ ದಾಖಲಿಸು, ಸ್ಟಾಪ್ಡ್ ಎಂದು ಬಂದರೆ ಅಳಿಸು’ ಎಂದು ಬರೆಯುವುದೇ ಸಹಜವಾಗಿ ಹೊಳೆಯುವ ದಾರಿ. ಅದು ಹೇಗೆ ಮುರಿಯುತ್ತದೆ ನೋಡಿ.

ಒಬ್ಬ ಡೆವಲಪರ್ ಯಂತ್ರದ ಗಾತ್ರ ಬದಲಿಸಲು ಬೆಳಿಗ್ಗೆ 10ಕ್ಕೆ ಅದನ್ನು ನಿಲ್ಲಿಸುತ್ತಾರೆ; ಗಾತ್ರ ಬದಲಿಸಬೇಕಾದರೆ ನಿಲ್ಲಿಸಲೇಬೇಕು. ಸ್ಟಾಪ್ಡ್ ಇವೆಂಟ್ ಬರುತ್ತದೆ. ಲ್ಯಾಂಬ್ಡಾ ದಾಖಲೆ ಅಳಿಸಲು ಹೋಗುತ್ತದೆ. ಆ ಕ್ಷಣಕ್ಕೆ ಬೇರೆ ಯಾವುದೋ ಪ್ರೋಗ್ರಾಂ ಅದೇ ಖಾತೆಯಿಂದ ರೂಟ್ 53ಅನ್ನು ಕೇಳುತ್ತಿದೆ. ಒಂದು ಖಾತೆಗೆ ಸೆಕೆಂಡಿಗೆ ಐದೇ ಕೋರಿಕೆಗಳ ಮಿತಿ ಇರುವುದರಿಂದ ನಮ್ಮ ಕೋರಿಕೆ ತಿರಸ್ಕಾರವಾಗುತ್ತದೆ. ಲ್ಯಾಂಬ್ಡಾ ದೋಷ ಎಂದು ನಿಲ್ಲುತ್ತದೆ, ಒಂದು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸುವುದು ಅದರ ಪದ್ಧತಿ. ಆ ಒಂದು ನಿಮಿಷದೊಳಗೆ ಡೆವಲಪರ್ ಯಂತ್ರವನ್ನು ಎಬ್ಬಿಸಿಯಾಗಿದೆ, ರನ್ನಿಂಗ್ ಇವೆಂಟ್ ಬಂದು ಹೊಸ ವಿಳಾಸ ಸರಿಯಾಗಿ ದಾಖಲಾಗಿದೆ. ಈಗ ಹಳೆಯ ಸ್ಟಾಪ್ಡ್ ಇವೆಂಟ್ ಎರಡನೆಯ ಪ್ರಯತ್ನಕ್ಕೆ ಬಂದು, ಓಡುತ್ತಿರುವ ಯಂತ್ರದ ದಾಖಲೆಯನ್ನು ಅಳಿಸಿಹಾಕುತ್ತದೆ. ಲಾಗ್‌ನಲ್ಲಿ ಎಲ್ಲವೂ ಯಶಸ್ವಿ. ಸರ್ವರ್ ಮಾತ್ರ ಯಾರಿಗೂ ಸಿಗುವುದಿಲ್ಲ.

ಆದ್ದರಿಂದ ತರ್ಕ ಹೀಗಿರಲಿ. ಇವೆಂಟ್‌ನಿಂದ ಯಂತ್ರದ ಐಡಿ ತೆಗೆದುಕೊಂಡು ಇಸಿ2ವನ್ನು ಕೇಳಿ, ಟ್ಯಾಗ್, ಸ್ಥಿತಿ, ಐಪಿ ಮೂರನ್ನೂ ಪಡೆಯಿರಿ. ಹೋಸ್ಟ್‌ನೇಮ್ ಟ್ಯಾಗ್ ಇಲ್ಲದಿದ್ದರೆ ಅಲ್ಲೇ ಮುಗಿಸಿ. ಈಗಿನ ಸ್ಥಿತಿ ರನ್ನಿಂಗ್ ಆಗಿದ್ದರೆ ದಾಖಲೆಯನ್ನು ಅಪ್‌ಸರ್ಟ್ ಮಾಡಿ, ಅಂದರೆ ಇಲ್ಲದಿದ್ದರೆ ಸೇರಿಸಿ, ಇದ್ದರೆ ಬದಲಿಸಿ. ಪೆಂಡಿಂಗ್ ಆಗಿದ್ದರೆ ಏನೂ ಮಾಡಬೇಡಿ, ರನ್ನಿಂಗ್ ಇವೆಂಟ್ ಹಿಂದೆಯೇ ಬರುತ್ತದೆ. ಉಳಿದ ನಾಲ್ಕರಲ್ಲಿ ಯಾವುದಾಗಿದ್ದರೂ ದಾಖಲೆ ಇದ್ದರೆ ಅಳಿಸಿ. ಇವೆಂಟ್‌ನಲ್ಲಿ ಬರೆದಿದ್ದ ಸ್ಥಿತಿಯನ್ನು ಲಾಗ್‌ಗೆ ಬರೆಯಿರಿ, ಅಷ್ಟೇ, ತೀರ್ಮಾನಕ್ಕೆ ಬಳಸಬೇಡಿ. ಹೀಗೆ ಬರೆದ ಪ್ರೋಗ್ರಾಂ ಅನ್ನು ಒಂದು ಸಲ ಓಡಿಸಿದರೂ ಹತ್ತು ಸಲ ಓಡಿಸಿದರೂ ಫಲ ಒಂದೇ.

ಇಸಿ2 ಕೊಡುವ ಉತ್ತರವೂ ಕೆಲವೊಮ್ಮೆ ಒಂದು ಕ್ಷಣ ಹಳೆಯದಾಗಿರಬಹುದು. ಸ್ಟಾಪಿಂಗ್ ಇವೆಂಟ್ ಬಂದ ತಕ್ಷಣ ಕೇಳಿದರೆ ರನ್ನಿಂಗ್ ಎಂದೇ ಉತ್ತರ ಬಂದರೂ ಚಿಂತೆಯಿಲ್ಲ. ಇರುವ ವಿಳಾಸವೇ ಮತ್ತೊಮ್ಮೆ ದಾಖಲಾಗುತ್ತದೆ, ಹಿಂದೆಯೇ ಬರುವ ಸ್ಟಾಪ್ಡ್ ಅದನ್ನು ಸರಿಪಡಿಸುತ್ತದೆ. ಐದು ಸ್ಥಿತಿಗಳನ್ನು ಗುರುತು ಮಾಡಲು ಹೇಳಿದ್ದು ಇದಕ್ಕೇ.

ಅಳಿಸುವಾಗ ಮೂರು ಎಚ್ಚರ ಬೇಕು. ಒಂದು, ಅಳಿಸುವ ಕೆಲಸ ಸ್ಟಾಪಿಂಗ್ ಮತ್ತು ಶಟಿಂಗ್ ಡೌನ್ ಹಂತದಲ್ಲೇ ಶುರುವಾಗಬೇಕು. ನಾವು ಬಿಟ್ಟ ಸಾರ್ವಜನಿಕ ಐಪಿ ಬೇರೆ ಯಾರಿಗೋ ಸಿಗುತ್ತದೆ. ನಮ್ಮ ಹೆಸರು ಅಪರಿಚಿತರ ಯಂತ್ರವನ್ನು ತೋರಿಸುತ್ತಾ ಕೂತರೆ ಅದು ಭದ್ರತೆಯ ದೊಡ್ಡ ಬಿರುಕು. ಮೇಲಾಗಿ, ಟರ್ಮಿನೇಟ್ ಆದ ಯಂತ್ರದ ಟ್ಯಾಗ್‌ಗಳು ಸ್ವಲ್ಪ ಹೊತ್ತಿನಲ್ಲಿ ಅದರಿಂದ ಕಳಚಿಕೊಳ್ಳುತ್ತವೆ. ಆಗ ಯಾವ ಹೆಸರನ್ನು ಅಳಿಸಬೇಕು ಎಂಬುದೇ ತಿಳಿಯುವುದಿಲ್ಲ.

ಎರಡು, ರೂಟ್ 53ರಲ್ಲಿ ಅಳಿಸಬೇಕಾದರೆ ಹೆಸರು ಕೊಟ್ಟರೆ ಸಾಲದು, ದಾಖಲೆಯಲ್ಲಿರುವ ಮೌಲ್ಯ ಮತ್ತು ಟಿಟಿಎಲ್ (ಉತ್ತರವನ್ನು ಇತರರು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದೆಂಬ ಅವಧಿ) ಕೂಡ ಅಕ್ಷರಶಃ ಹೊಂದಬೇಕು. ಮೊದಲು ದಾಖಲೆಯನ್ನು ಓದಿ, ಓದಿದ್ದನ್ನೇ ಅಳಿಸಲು ಕೊಡಿ. ಟಿಟಿಎಲ್ 60 ಸೆಕೆಂಡ್ ಇಟ್ಟರೆ ಬೆಳಗಿನ ಹೊಸ ವಿಳಾಸ ಬೇಗ ಹರಡುತ್ತದೆ.

ಮೂರು, ಒಂದೇ ಹೋಸ್ಟ್‌ನೇಮ್‌ನ ಹೊಸ ಯಂತ್ರವನ್ನು ಎಬ್ಬಿಸಿ, ಆಮೇಲೆ ಹಳೆಯದನ್ನು ಟರ್ಮಿನೇಟ್ ಮಾಡುವವರು ಇರುತ್ತಾರೆ. ಆಗ ಹಳೆಯ ಯಂತ್ರದ ಶಟಿಂಗ್ ಡೌನ್ ಹೊಸದರ ದಾಖಲೆಯನ್ನು ಅಳಿಸುತ್ತದೆ. ಇದಕ್ಕೆ ಪರಿಹಾರ, ವಿಳಾಸದ ಎ ದಾಖಲೆಯ ಜೊತೆಗೆ ಪಠ್ಯವನ್ನು ಇಡಬಲ್ಲ ಒಂದು ಟಿಎಕ್ಸ್‌ಟಿ ದಾಖಲೆ ಬರೆದು ಅದರಲ್ಲಿ ಯಂತ್ರದ ಐಡಿ ಇಡುವುದು. ಅಳಿಸುವ ಮೊದಲು ಆ ಐಡಿ ತನ್ನದೇ ಎಂದು ಖಚಿತಪಡಿಸಿಕೊಳ್ಳಬೇಕು. ಎರಡು ದಾಖಲೆಗಳನ್ನೂ ಒಂದೇ ಬ್ಯಾಚಿನಲ್ಲಿ ಕಳಿಸಿ. ರೂಟ್ 53 ಬ್ಯಾಚನ್ನು ಪೂರ್ತಿ ಮಾಡುತ್ತದೆ, ಇಲ್ಲವೇ ಪೂರ್ತಿ ಬಿಡುತ್ತದೆ. ಕುಬರ್ನೆಟಿಸ್ ಲೋಕದ ಎಕ್ಸ್‌ಟರ್ನಲ್ ಡಿಎನ್‌ಎಸ್ ಎಂಬ ಉಪಕರಣ ಕೂಡ ಮಾಲೀಕತ್ವಕ್ಕೆ ಟಿಎಕ್ಸ್‌ಟಿ ದಾಖಲೆಯನ್ನೇ ನೆಚ್ಚಿಕೊಂಡಿದೆ.

ಕೊನೆಯದಾಗಿ, ಈ ಲ್ಯಾಂಬ್ಡಾದ ರಿಸರ್ವ್ಡ್ ಕನ್‌ಕರೆನ್ಸಿಯನ್ನು, ಅಂದರೆ ಏಕಕಾಲಕ್ಕೆ ಓಡಬಲ್ಲ ಪ್ರತಿಗಳ ಮಿತಿಯನ್ನು, 1ಕ್ಕೆ ಇಡಿ. ಒಂದೇ ಯಂತ್ರದ ಎರಡು ಇವೆಂಟ್‌ಗಳು ಏಕಕಾಲಕ್ಕೆ ಓಡಿ ಒಂದನ್ನೊಂದು ತುಳಿಯುವ ಪ್ರಶ್ನೆಯೇ ಬರುವುದಿಲ್ಲ. ಡೆವ್ ಯಂತ್ರಗಳ ಮಟ್ಟಿಗೆ ಈ ವೇಗ ಧಾರಾಳ. ಎರಡು ಮರುಪ್ರಯತ್ನಗಳ ನಂತರವೂ ಸೋತ ಇವೆಂಟ್‌ಗಳು ಕಳೆದುಹೋಗದಂತೆ ಒಂದು ಎಸ್‌ಕ್ಯುಎಸ್ ಸಾಲನ್ನು (ಸಂದೇಶಗಳು ಕಾದು ನಿಲ್ಲುವ ಸರದಿಯನ್ನು) ಫೇಲ್ಯೂರ್ ಡೆಸ್ಟಿನೇಶನ್ ಆಗಿ ಕೊಡಿ.

ಹಂತ 5: ಹೊಂದಾಣಿಕೆ ನೋಡುವ ಎರಡನೆಯ ಕಾವಲು

ಇವೆಂಟ್ ಒಂದನ್ನೇ ನಂಬಿ ಯಾವ ವ್ಯವಸ್ಥೆಯನ್ನೂ ಕಟ್ಟಬಾರದು. ಪ್ರತಿ 15 ನಿಮಿಷಕ್ಕೊಮ್ಮೆ ಇನ್ನೊಂದು ಲ್ಯಾಂಬ್ಡಾ ಓಡಲಿ: ಟ್ಯಾಗ್ ಇರುವ ಎಲ್ಲ ಯಂತ್ರಗಳನ್ನೂ ಝೋನಿನ ಎಲ್ಲ ದಾಖಲೆಗಳನ್ನೂ ಎದುರುಬದುರು ಇಟ್ಟು, ಓಡುವ ಯಂತ್ರಕ್ಕೆ ದಾಖಲೆ ಇಲ್ಲದಿದ್ದರೆ ಸೇರಿಸಲಿ, ಟಿಎಕ್ಸ್‌ಟಿಯಲ್ಲಿರುವ ಐಡಿಯ ಯಂತ್ರ ಓಡುತ್ತಿಲ್ಲದಿದ್ದರೆ ಅಳಿಸಲಿ. ನಾಲ್ಕನೆಯ ಹಂತದ ಕೋಡನ್ನೇ ಇಲ್ಲಿಯೂ ಬಳಸಬಹುದು, ಏಕೆಂದರೆ ಅದು ಇವೆಂಟ್‌ನ ಸ್ಥಿತಿಯನ್ನು ನೋಡುವುದೇ ಇಲ್ಲ. ಈ ಕಾವಲು ಏನಾದರೂ ಸರಿಪಡಿಸಿದರೆ ಅದನ್ನು ಎದ್ದು ಕಾಣುವಂತೆ ಲಾಗ್ ಮಾಡಿ. ಅದು ಪದೇ ಪದೇ ಸರಿಪಡಿಸುತ್ತಿದ್ದರೆ ಇವೆಂಟ್‌ನ ದಾರಿಯಲ್ಲಿ ಎಲ್ಲೋ ಸೋರಿಕೆಯಿದೆ ಎಂದರ್ಥ.

ಹಂತ 6: ರಾತ್ರಿ ನಿಲ್ಲಿಸಿ ಬೆಳಿಗ್ಗೆ ಎಬ್ಬಿಸುವುದು

ಇದಕ್ಕೆ ಇವೆಂಟ್‌ಬ್ರಿಜ್ ಶೆಡ್ಯೂಲರ್ ಬಳಸಿ, ಸಮಯವಲಯ ಏಷ್ಯಾ/ಕೋಲ್ಕತಾ ಎಂದು ಆರಿಸಿ. ಹಳೆಯ ಬಗೆಯ ಶೆಡ್ಯೂಲ್ ರೂಲ್‌ಗಳು ಯುಟಿಸಿ ಸಮಯವನ್ನೇ ನೋಡುತ್ತವೆ. ಅಲ್ಲಿ ನಮ್ಮ ಬೆಳಿಗ್ಗೆ 9 ಎಂದರೆ 3:30, ರಾತ್ರಿ 8 ಎಂದರೆ ಮಧ್ಯಾಹ್ನ 2:30. ಶೆಡ್ಯೂಲರ್ ಇಸಿ2ವನ್ನು ನೇರವಾಗಿಯೂ ಕರೆಯಬಲ್ಲದು, ಆದರೆ ಯಂತ್ರಗಳ ಐಡಿಗಳನ್ನು ಒಂದೊಂದಾಗಿ ಬರೆಯಬೇಕು. ಟ್ಯಾಗ್ ನೋಡಿ ಆರಿಸಲು ಬೇರೆ ಪುಟ್ಟ ಲ್ಯಾಂಬ್ಡಾ ಬೇಕು, ಶೆಡ್ಯೂಲ್ ಟ್ಯಾಗ್ ಇರುವ ಯಂತ್ರಗಳ ಮೇಲೆ ಮಾತ್ರ ನಡೆಯುವಂತೆ ಅದರ ಅಧಿಕಾರವನ್ನು ಐಎಎಂ ಷರತ್ತಿನಿಂದ ಕಟ್ಟಬೇಕು.

ಆಟೋ ಸ್ಕೇಲಿಂಗ್ ಗುಂಪಿಗೆ (ಯಂತ್ರಗಳ ಸಂಖ್ಯೆಯನ್ನು ತಾನಾಗಿ ಕಾಯ್ದುಕೊಳ್ಳುವ ಗುಂಪಿಗೆ) ಸೇರಿದ ಯಂತ್ರಗಳನ್ನು ಈ ಪಟ್ಟಿಯಿಂದ ಖಡಾಖಂಡಿತವಾಗಿ ಹೊರಗಿಡಿ. ಅಂಥ ಯಂತ್ರ ನಿಂತರೆ ಗುಂಪು ಅದನ್ನು ಕೆಟ್ಟಿದೆ ಎಂದು ಭಾವಿಸಿ ಟರ್ಮಿನೇಟ್ ಮಾಡಿ ಹೊಸದನ್ನು ಹುಟ್ಟಿಸುತ್ತದೆ. ಉಳಿತಾಯವೂ ಇಲ್ಲ, ಡಿಸ್ಕಿನಲ್ಲಿದ್ದದ್ದೂ ಇಲ್ಲ. ಅವುಗಳಿಗೆ ರಾತ್ರಿ ಗುಂಪಿನ ಗಾತ್ರವನ್ನೇ ಸೊನ್ನೆಗೆ ಇಳಿಸುವ ಶೆಡ್ಯೂಲ್ಡ್ ಆಕ್ಷನ್ ಹಾಕಬೇಕು. ಇನ್ನೊಂದು ವಿಷಯ: ಬೆಳಿಗ್ಗೆ ಎಬ್ಬಿಸುವಾಗ ಆ ಬಗೆಯ ಯಂತ್ರಕ್ಕೆ ಆ ವಲಯದಲ್ಲಿ ಜಾಗವಿಲ್ಲ ಎಂಬ ದೋಷ ಬರಬಹುದು. ನಿಂತ ಯಂತ್ರಕ್ಕೆ ಜಾಗ ಕಾದಿರಿಸಿರುವುದಿಲ್ಲ. ಎಬ್ಬಿಸುವ ಲ್ಯಾಂಬ್ಡಾ ಆ ದೋಷವನ್ನು ತಂಡದ ಚಾಟ್‌ಗೆ ತಿಳಿಸಲಿ, ಕೆಲವು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಲಿ.

ಹಂತ 7: ಪರೀಕ್ಷೆ

ಇವೆಂಟ್‌ಬ್ರಿಜ್‌ಗೆ ಇಸಿ2 ಹೆಸರಿನಲ್ಲಿ ನಕಲಿ ಇವೆಂಟ್ ಕಳಿಸಲು ಬರುವುದಿಲ್ಲ; ಎಡಬ್ಲ್ಯೂಎಸ್ ಸೇವೆಗಳ ಮೂಲದ ಹೆಸರುಗಳನ್ನು ಅದು ನಮಗೆ ಬಿಟ್ಟುಕೊಡುವುದಿಲ್ಲ. ಹಾಗಾಗಿ ಮಾದರಿ ಇವೆಂಟನ್ನು ಲ್ಯಾಂಬ್ಡಾಗೇ ನೇರವಾಗಿ ಕೊಟ್ಟು ತರ್ಕವನ್ನು ಪರೀಕ್ಷಿಸಿ, ಆಮೇಲೆ ಒಂದು ಚಿಕ್ಕ ಯಂತ್ರದ ಮೇಲೆ ನಿಜವಾಗಿ ನಡೆಸಿ. ಓಡುತ್ತಿರುವ ಯಂತ್ರದ ಐಡಿ ಹಾಕಿ ಸ್ಟಾಪ್ಡ್ ಎಂಬ ಸುಳ್ಳು ಇವೆಂಟ್ ಕೊಡಿ. ದಾಖಲೆ ಅಳಿಯದೆ ಉಳಿದರೆ ನಾಲ್ಕನೆಯ ಹಂತ ಸರಿಯಾಗಿದೆ.

ಯಂತ್ರದ ಒಳಗಿನಿಂದ ಶಟ್‌ಡೌನ್ ಮಾಡಿಯೂ ನೋಡಿ. ಸಾಮಾನ್ಯವಾಗಿ ಅದು ಸ್ಟಾಪ್ಡ್‌ಗೆ ಹೋಗುತ್ತದೆ. ಆದರೆ ಯಂತ್ರದ ಶಟ್‌ಡೌನ್ ಬಿಹೇವಿಯರ್ ಅನ್ನು ಟರ್ಮಿನೇಟ್ ಎಂದು ಇಟ್ಟಿದ್ದರೆ ನೇರವಾಗಿ ನಾಶವಾಗುತ್ತದೆ, ಟರ್ಮಿನೇಶನ್ ಪ್ರೊಟೆಕ್ಷನ್ ಇದ್ದರೂ ತಡೆಯುವುದಿಲ್ಲ. ಪೆಂಡಿಂಗ್‌ನಿಂದ ನೇರವಾಗಿ ಟರ್ಮಿನೇಟೆಡ್‌ಗೆ ಹೋಗುವ ಹೊಸ ಯಂತ್ರಗಳೂ ಉಂಟು. ಅಂಥ ಯಂತ್ರದ ಸ್ಟೇಟ್ ರೀಸನ್ ಓದಿದರೆ ಡಿಸ್ಕಿನ ಮಿತಿ ಮೀರಿದ್ದು ಅಥವಾ ಎನ್‌ಕ್ರಿಪ್ಟ್ ಆದ ಡಿಸ್ಕಿನ ಕೀಲಿ ಬಳಸಲು ಅನುಮತಿ ಇಲ್ಲದಿದ್ದದ್ದು ಸಾಮಾನ್ಯವಾಗಿ ಗೊತ್ತಾಗುತ್ತದೆ. ಟರ್ಮಿನೇಟ್ ಆದ ಯಂತ್ರ ಪಟ್ಟಿಯಿಂದ ಬೇಗ ಮರೆಯಾಗುವುದರಿಂದ ಈ ಕಾರಣವನ್ನು ಲ್ಯಾಂಬ್ಡಾದಲ್ಲೇ ಲಾಗ್ ಮಾಡಿಟ್ಟುಕೊಳ್ಳಿ.

ಸ್ಥಿತಿಯ ಇವೆಂಟ್ ಸಾಲದ ಕಡೆ

ರನ್ನಿಂಗ್ ಎಂದರೆ ನಿಮ್ಮ ಅಪ್ಲಿಕೇಶನ್ ಸಿದ್ಧ ಎಂದಲ್ಲ. ಆಪರೇಟಿಂಗ್ ಸಿಸ್ಟಂ ಇನ್ನೂ ಏಳುತ್ತಿರಬಹುದು. ಸಿದ್ಧವಾಗಿದೆಯೇ ಎಂಬುದನ್ನು ಲೋಡ್ ಬ್ಯಾಲೆನ್ಸರ್‌ನ ಹೆಲ್ತ್ ಚೆಕ್‌ನಿಂದಲೋ ಅಪ್ಲಿಕೇಶನ್ನೇ ಕಳಿಸುವ ಸಂದೇಶದಿಂದಲೋ ತಿಳಿಯಬೇಕು. ಯಂತ್ರ ಹುಟ್ಟಿಸುವಾಗ ಕೊಡುವ ಯೂಸರ್ ಡೇಟಾ ಸ್ಕ್ರಿಪ್ಟ್ ಸಾಮಾನ್ಯವಾಗಿ ಓಡುವುದು ಯಂತ್ರ ಮೊದಲ ಸಲ ಎದ್ದಾಗ ಮಾತ್ರ, ಪ್ರತಿ ಬೆಳಗಿನ ಕೆಲಸವನ್ನು ಅದರಲ್ಲಿ ಇಡಬೇಡಿ.

ಇನ್ನು ಯಂತ್ರ ಹೋಗುವ ಮೊದಲು ಕೆಲಸ ಮುಗಿಸಿಕೊಳ್ಳಲು ಸಮಯ ಬೇಕೆಂದರೆ ಶಟಿಂಗ್ ಡೌನ್ ಇವೆಂಟ್ ಪ್ರಯೋಜನಕ್ಕೆ ಬರುವುದಿಲ್ಲ. ಅದು ಬರುವಾಗಲೇ ಯಂತ್ರ ಮುಚ್ಚುತ್ತಿರುತ್ತದೆ, ಅದನ್ನು ತಡೆಯಲಾಗುವುದಿಲ್ಲ. ಸ್ಪಾಟ್ ಯಂತ್ರಗಳಿಗೆ (ಕಡಿಮೆ ಬೆಲೆಗೆ ಸಿಕ್ಕು, ಎಡಬ್ಲ್ಯೂಎಸ್ ಯಾವಾಗ ಬೇಕಾದರೂ ವಾಪಸು ಪಡೆಯಬಹುದಾದ ಯಂತ್ರಗಳಿಗೆ) ಬೇರೆಯೇ ಆದ ಇಂಟರಪ್ಷನ್ ವಾರ್ನಿಂಗ್ ಇವೆಂಟ್ ಇದೆ, ಎರಡು ನಿಮಿಷ ಮುಂಚೆ ಬರುತ್ತದೆ. ಆಟೋ ಸ್ಕೇಲಿಂಗ್ ಗುಂಪಿನಲ್ಲಿ ಲೈಫ್‌ಸೈಕಲ್ ಹುಕ್ ಹಾಕಿದರೆ ಯಂತ್ರ ಟರ್ಮಿನೇಟಿಂಗ್ ವೇಟ್ ಎಂಬ ಸ್ಥಿತಿಯಲ್ಲಿ ಕಾಯುತ್ತದೆ. ಬೇರೇನೂ ಹೇಳದಿದ್ದರೆ ಒಂದು ಗಂಟೆ. ಆ ಹೊತ್ತಿನಲ್ಲಿ ಬಾಕಿ ಕೋರಿಕೆಗಳನ್ನು ಮುಗಿಸಿ, ಲಾಗ್‌ಗಳನ್ನು ಎಸ್3 ಎಂಬ ಫೈಲ್ ಸಂಗ್ರಹಕ್ಕೆ ಸಾಗಿಸಿ, ಕಂಪ್ಲೀಟ್ ಲೈಫ್‌ಸೈಕಲ್ ಆಕ್ಷನ್ ಕರೆದು ‘ಇನ್ನು ಹೋಗಬಹುದು’ ಎಂದು ತಿಳಿಸಬೇಕು. ತಿಳಿಸಲು ಮರೆತರೆ ಯಂತ್ರ ಆ ಇಡೀ ಗಂಟೆ ಸುಮ್ಮನೆ ಓಡುತ್ತಾ ಬಾಡಿಗೆ ತಿನ್ನುತ್ತದೆ. ಆದ್ದರಿಂದ ಕಾಯುವ ಅವಧಿಯನ್ನು ನಿಮ್ಮ ಕೆಲಸಕ್ಕೆ ನಿಜವಾಗಿ ಬೇಕಾದಷ್ಟಕ್ಕೆ, ಐದೋ ಹತ್ತೋ ನಿಮಿಷಕ್ಕೆ, ಇಳಿಸಿ ಇಡಿ.